ಒಣಗಿದ ಬಣ್ಣದ ಮೇಲೆ ಒದ್ದೆ ಬಣ್ಣ: ಡಿಜಿಟಲ್ ಬ್ರಷ್‌ನಲ್ಲಿ ಅಕ್ರಿಲಿಕ್ ಚಿತ್ರ ಬರೆಯುವ ಸಮಗ್ರ ಮಾರ್ಗದರ್ಶಿ

ಭಾನುವಾರ ಮುಂಬಯಿಯ ಮಾಟುಂಗದ ನಮ್ಮ ಮನೆಯ ಹಾಲ್‌ನಲ್ಲಿ ಏಳೆಂಟು ಮಂದಿ ಟ್ಯಾಬ್ಲೆಟ್ ಹಿಡಿದು ಕೂರುತ್ತಾರೆ. ಡೊಂಬಿವಲಿ, ಥಾಣೆ, ಮುಲುಂದ್ ಕಡೆಯಿಂದ ಬರುವ ಕನ್ನಡದ ಹುಡುಗ ಹುಡುಗಿಯರು. ಕೈ ಚೆನ್ನಾಗಿದೆ, ಡ್ರಾಯಿಂಗ್ ಚೆನ್ನಾಗಿದೆ. ಆದರೆ ನೀರಿನಲ್ಲಿ ಕಲಸಿ ಹಚ್ಚುವ, ಬೇಗ ಒಣಗುವ ಅಕ್ರಿಲಿಕ್ ಬಣ್ಣದ ಹಾಗೆ ಬರೆಯಿರಿ ಎಂದ ಕೂಡಲೇ ಎಲ್ಲರ ಚಿತ್ರವೂ ಒಂದೇ ಥರ ನುಣ್ಣಗಾಗಿಬಿಡುತ್ತದೆ. ಕಳೆದ ಮಳೆಗಾಲದಲ್ಲಿ ಒಬ್ಬಳು ಕೇಳಿದಳು: "ಅಕ್ಕಾ, ಬ್ರಷ್‌ನ ಹೆಸರೇ ಅಕ್ರಿಲಿಕ್ ಅಂತ ಇದೆ. ಮತ್ಯಾಕೆ ಸ್ಪ್ರೇ ಹೊಡೆದ ಹಾಗೆ ಕಾಣ್ತದೆ?"

ಉತ್ತರ ಬ್ರಷ್‌ನಲ್ಲಿಲ್ಲ, ಒಣಗುವುದರಲ್ಲಿದೆ. ಅಕ್ರಿಲಿಕ್ ಬಣ್ಣದಲ್ಲಿರುವ ನೀರು ಆರಿದ ಮೇಲೆ ಅದರ ಪಾಲಿಮರ್ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿ ಪೊರೆಯಾಗುತ್ತವೆ. ತೆಳುವಾಗಿ ಹಚ್ಚಿದ್ದು 10ರಿಂದ 20 ನಿಮಿಷದಲ್ಲಿ ಒಣಗುತ್ತದೆ. ಆಮೇಲೆ ಎಷ್ಟು ನೀರು ಹಾಕಿ ತಿಕ್ಕಿದರೂ ಅದು ಕರಗುವುದಿಲ್ಲ. ಜಲವರ್ಣದ ಹಾಗೆ ಮತ್ತೆ ಏಳುವುದಿಲ್ಲ, ಎಣ್ಣೆಬಣ್ಣದ ಹಾಗೆ ಮರುದಿನವೂ ಬೆರೆಯುವುದಿಲ್ಲ. ಮುಂದಿನ ಸ್ಟ್ರೋಕ್ ಹಿಂದಿನದರ ಮೇಲೆ ಕೂರುತ್ತದೆಯೇ ಹೊರತು ಅದರೊಳಗೆ ಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ಬಣ್ಣ ಯಾವತ್ತೂ ಒಣಗುವುದಿಲ್ಲ. ಹಾಗಾಗಿ ಒಣಗಿಸುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ. ಕ್ರಮ ತಪ್ಪಿಸಬೇಡಿ.

ಬೇಕಾಗುವ ಸಾಮಾನು

ಒತ್ತಡ ಗ್ರಹಿಸುವ ಪೆನ್ ಇರುವ ಯಾವುದೇ ಟ್ಯಾಬ್ಲೆಟ್ ಸಾಕು. ಚಿತ್ರ ಬರೆಯುವ ಸಾಫ್ಟ್‌ವೇರ್‌ಗಳಲ್ಲಿ ಕ್ರಿಟಾ ಉಚಿತ, ಈ ಕೆಲಸಕ್ಕೆ ಧಾರಾಳವಾಯಿತು. ಐಪ್ಯಾಡ್ ಇದ್ದವರಿಗೆ ಪ್ರೊಕ್ರಿಯೇಟ್. ಫೋಟೋಶಾಪ್ ಇದ್ದವರಿಗೆ ಬಣ್ಣ ಬೆರೆಸುವ ಅದರ ಮಿಕ್ಸರ್ ಬ್ರಷ್. ಇವುಗಳ ಜೊತೆಗೆ ನಿಜವಾದ ಅಕ್ರಿಲಿಕ್‌ನ ಐದು ಚಿಕ್ಕ ಟ್ಯೂಬ್ (ಬಿಳಿ, ನೀಲಿ, ಹಳದಿ, ಕೆಂಪು, ಬರ್ನ್ಟ್ ಸಿಯೆನಾ ಎಂಬ ಕೆಂಗಂದು), ಅರ್ಧ ಇಂಚಿನ ಗಡಸು ಕೂದಲಿನ ಚಪ್ಪಟೆ ಬ್ರಷ್ ಒಂದು, ಕ್ಯಾನ್ವಾಸ್ ಬೋರ್ಡ್ ಒಂದು. ಕೊನೆಯ ಮೂರನ್ನು ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಡಬೇಡಿ. ಇವಿಲ್ಲದೆ ಮುಂದೆ ಹೋದವರೇ ಮತ್ತೆ ಮತ್ತೆ ಎಡವುವುದನ್ನು ನೋಡಿದ್ದೇನೆ.

ಹಂತ 1: ಮೊದಲು ಬೋರ್ಡಿನ ಮೇಲೆ ನಾಲ್ಕು ಪಟ್ಟಿ

ಟ್ಯಾಬ್ಲೆಟ್ ಮುಚ್ಚಿಡಿ. ಬೋರ್ಡಿನ ಮೇಲೆ ನಾಲ್ಕು ಪಟ್ಟಿ ಎಳೆಯಿರಿ. ಮೊದಲನೆಯದು ಬ್ರಷ್ ತುಂಬ ಬಣ್ಣ ತೆಗೆದುಕೊಂಡು ಒಂದೇ ಉಸಿರಿಗೆ ಎಳೆದ ಉದ್ದ ಗೀಟು. ಎರಡನೆಯದು ಬಣ್ಣವನ್ನು ಬಟ್ಟೆಗೆ ಒರೆಸಿ, ಒಣ ಬ್ರಷ್ಷಿನಲ್ಲಿ ಎಳೆದದ್ದು. ಮೂರನೆಯದು ನೀಲಿ ಹಚ್ಚಿ ಒಂದು ನಿಮಿಷದೊಳಗೆ ಅದರ ಮೇಲೆ ಹಳದಿ. ನಾಲ್ಕನೆಯದು ನೀಲಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಳದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಗಾಳಿಯಲ್ಲಿ ತೇವ ಜಾಸ್ತಿ, ಒಣಗುವುದಕ್ಕೆ ಹೊತ್ತು ಹಿಡಿಯುತ್ತದೆ. ಫ್ಯಾನ್ ಕೆಳಗೆ ಅರ್ಧ ಗಂಟೆ ಇಡಿ. ಬೆರಳಿಗೆ ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ ಎಂದರ್ಥ.

ಒಣಗಿದ ಬೋರ್ಡನ್ನು ಕಿಟಕಿಯ ಬಳಿ ಓರೆಯಾಗಿ ಹಿಡಿದು ಮೊದಲ ಪಟ್ಟಿಯನ್ನು ಕಣ್ಣಿಗೆ ಹತ್ತಿರ ತನ್ನಿ. ಶುರುವಾದ ಕಡೆ ಬಣ್ಣ ಒಂದು ಸಣ್ಣ ದಿಬ್ಬದ ಹಾಗೆ ನಿಂತಿದೆ. ಎರಡು ಅಂಚಿಗೂ ಬ್ರಷ್ ತಳ್ಳಿದ ಬಣ್ಣ ಏರಿಯಂತೆ ಕಟ್ಟಿದೆ. ನಡುವೆ ಕೂದಲಿನ ಗೆರೆಗಳು ಉದ್ದಕ್ಕೂ ಓಡಿವೆ, ಆದರೆ ಯಾವೆರಡೂ ಸಮನಾಗಿಲ್ಲ. ಕೊನೆಗೆ ಬರುತ್ತ ಬಣ್ಣ ಹರಿದು ಚೂರುಚೂರಾಗಿ, ಕ್ಯಾನ್ವಾಸಿನ ನೂಲಿನ ಉಬ್ಬುಗಳ ಮೇಲೆ ಮಾತ್ರ ಕೂತು, ತಗ್ಗುಗಳನ್ನು ಬಿಟ್ಟಿದೆ. ಎಲ್ಲೂ ಬಣ್ಣ ಹೊಗೆಯ ಹಾಗೆ ಮಸುಕಾಗಿ ಮುಗಿದಿಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇದನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಿ, ನಾವು ನಕಲು ಮಾಡಬೇಕಾದದ್ದು ಇದನ್ನೇ.

ಓರೆ ಬೆಳಕಿನಲ್ಲಿ ಬೋರ್ಡಿನ ಫೋಟೋ ತೆಗೆದು ಕೆಲಸ ಮಾಡುವಾಗ ಪಕ್ಕದಲ್ಲಿ ತೆರೆದಿಡಿ. ಇನ್ನೂ ನೋಡಬೇಕೆನಿಸಿದರೆ ದಕ್ಷಿಣ ಮುಂಬಯಿಯ ಕಾಲಾ ಘೋಡಾಕ್ಕೆ ಹೋಗಿ. ಜಹಾಂಗೀರ್ ಆರ್ಟ್ ಗ್ಯಾಲರಿಯ ಒಳಗೂ ಹೊರಗಿನ ಫುಟ್‌ಪಾತ್ ಮೇಲೂ ಅಕ್ರಿಲಿಕ್ ಚಿತ್ರಗಳು ಸಿಗುತ್ತವೆ. ಎದುರಿಗೆ ನಿಂತು ನೋಡಿದರೆ ಸಾಲದು, ಪಕ್ಕಕ್ಕೆ ಸರಿದು ಬೆಳಕು ಜಾರುವ ಕೋನದಲ್ಲಿ ನೋಡಿ.

ಹಂತ 2: ಫೈಲಿನ ಅಳತೆ, ಬ್ರಷ್ಷಿನ ಅಳತೆ

ಎ4 ಹಾಳೆ, 300 ಡಿಪಿಐ (ಇಂಚಿಗೆ 300 ಚುಕ್ಕಿ). ಅಂದರೆ 2480 × 3508 ಪಿಕ್ಸೆಲ್. ಈ ಲೆಕ್ಕದಲ್ಲಿ ಒಂದು ಇಂಚಿನ ಬ್ರಷ್ 300 ಪಿಕ್ಸೆಲ್, ಅರ್ಧ ಇಂಚಿನದು 150, ಕಾಲು ಇಂಚಿನದು 75, ಮೂರು ಮಿಲಿಮೀಟರಿನ ಸಣ್ಣ ಬ್ರಷ್ 35. ಈ ನಾಲ್ಕು ಅಳತೆಗಳನ್ನು ಮಾತ್ರ ಇಟ್ಟುಕೊಳ್ಳಿ. ಸ್ಲೈಡರ್ ಎಳೆದು 62, 118, 9 ಎಂದು ಬೇಕಾದ ಹಾಗೆ ಬದಲಾಯಿಸುವುದು ಡಿಜಿಟಲ್ ಅಭ್ಯಾಸ. ನಿಜವಾದ ಚಿತ್ರಕಾರನ ಡಬ್ಬಿಯಲ್ಲಿ ಅಷ್ಟು ಬ್ರಷ್ ಇರುವುದಿಲ್ಲ, ಅದು ಚಿತ್ರದಲ್ಲಿ ಕಾಣುತ್ತದೆ.

ಝೂಮ್ ಬಗ್ಗೆಯೂ ಇದೇ ಮಾತು. ಇಡೀ ಹಾಳೆ ಪರದೆಯಲ್ಲಿ ಕಾಣುವಷ್ಟಕ್ಕೆ ನಿಲ್ಲಿಸಿ. 300 ಪ್ರತಿಶತಕ್ಕೆ ಹೋಗಿ ಕಣ್ಣಿನ ರೆಪ್ಪೆ ತಿದ್ದುತ್ತಿದ್ದೀರಿ ಎಂದರೆ ಅಕ್ರಿಲಿಕ್ ಕೈಬಿಟ್ಟಿದೆ ಎಂದೇ ತಿಳಿಯಿರಿ.

ಹಂತ 3: ನೆಲ ಹಾಕುವುದು

ಬಿಳಿ ಹಾಳೆಯ ಮೇಲೆ ಶುರು ಮಾಡಬೇಡಿ. ಬರ್ನ್ಟ್ ಸಿಯೆನಾದ ಹಾಗಿನ ಮಂದ ಕಂದು ಬಣ್ಣವನ್ನು ಒಂದು ಇಂಚಿನ ಬ್ರಷ್ಷಿನಲ್ಲಿ ಅಡ್ಡಾದಿಡ್ಡಿಯಾಗಿ ಹಚ್ಚಿ. ಕೆಲವೆಡೆ ದಟ್ಟ, ಕೆಲವೆಡೆ ತೆಳು. ಕೊನೆಯಲ್ಲಿ ಸ್ಟ್ರೋಕ್‌ಗಳ ನಡುವೆ ಇಣುಕುವ ಈ ಕಂದು ಚಿತ್ರವನ್ನೆಲ್ಲ ಒಂದು ದಾರದಲ್ಲಿ ಪೋಣಿಸುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಚಿತ್ರ ಮುಗಿದ ಮೇಲೆ ಕ್ಯಾನ್ವಾಸಿನ ಫೋಟೋ ಒಂದನ್ನು ಮಲ್ಟಿಪ್ಲೈ (ಕೆಳಗಿನ ಬಣ್ಣವನ್ನು ಗಾಢಗೊಳಿಸುವ ಬೆರಕೆ) ಮಾಡಿ ಇಡೀ ಚಿತ್ರದ ಮೇಲೆ ಹೊದೆಸುತ್ತಾರೆ. ಆಗ ದಪ್ಪ ಬಣ್ಣದ ಮೇಲೂ ತೆಳು ಬಣ್ಣದ ಮೇಲೂ ಒಂದೇ ಸಮ ನೇಯ್ಗೆ ಕಾಣುತ್ತದೆ, ಚಿತ್ರ ಫ್ಲೆಕ್ಸ್ ಬ್ಯಾನರಿನ ಹಾಗಾಗುತ್ತದೆ. ನಿಮ್ಮ ಬೋರ್ಡ್ ನೋಡಿ: ದಪ್ಪ ಬಣ್ಣ ನೇಯ್ಗೆಯನ್ನು ಮುಚ್ಚಿಬಿಟ್ಟಿದೆ. ನೂಲು ಕಾಣುವುದು ತೆಳುವಾದ ಕಡೆ, ಒಣ ಬ್ರಷ್ ಆಡಿಸಿದ ಕಡೆ ಮಾತ್ರ. ಆದ್ದರಿಂದ ನೇಯ್ಗೆ ಬ್ರಷ್ಷಿನ ಸೆಟ್ಟಿಂಗ್‌ನಲ್ಲಿರಬೇಕು, ಚಿತ್ರದ ಮೇಲಿನ ಹೊದಿಕೆಯಲ್ಲಿ ಅಲ್ಲ. ಅದೂ ಕ್ಯಾನ್ವಾಸಿಗೆ ಅಂಟಿಕೊಂಡಿರಬೇಕು. ಪ್ರೊಕ್ರಿಯೇಟ್‌ನಲ್ಲಿ ಗ್ರೇನ್ (ಬ್ರಷ್ಷಿನ ನೇಯ್ಗೆ) ವಿಭಾಗಕ್ಕೆ ಹೋಗಿ 'ಮೂವಿಂಗ್' ಬದಲು 'ಟೆಕ್ಸ್ಚರೈಸ್ಡ್' ಆರಿಸಿ. ಕ್ರಿಟಾದಲ್ಲಿ ಟೆಕ್ಸ್ಚರ್ ಪ್ಯಾಟರ್ನ್ ಹಾಕಿ ಅದರ ಸ್ಟ್ರೆಂತ್ ಅನ್ನು ಪೆನ್ನಿನ ಒತ್ತಡಕ್ಕೆ ಜೋಡಿಸಿ. ಹಗುರಾಗಿ ಎಳೆದರೆ ನೂಲು ಕಾಣಬೇಕು, ಒತ್ತಿ ಎಳೆದರೆ ಮುಚ್ಚಿಹೋಗಬೇಕು.

ಹಂತ 4: ಮೂರೇ ಮೂರು ಬ್ರಷ್

ಗಡಸು ಕೂದಲಿನ ಚಪ್ಪಟೆ ಬ್ರಷ್, ಒಣ ಬ್ರಷ್, ಪ್ಯಾಲೆಟ್ ನೈಫ್ (ಬಣ್ಣ ಹಚ್ಚುವ ಚಪ್ಪಟೆ ಚಾಕು). ಇನ್ನೂರು ಬ್ರಷ್ಷಿನ ಪ್ಯಾಕ್ ಡೌನ್‌ಲೋಡ್ ಮಾಡಿದ್ದರೆ ಪಕ್ಕಕ್ಕಿಡಿ.

ಎಲ್ಲಕ್ಕಿಂತ ಮೊದಲು ಒಪಾಸಿಟಿ (ಬಣ್ಣ ಮುಚ್ಚುವ ಪ್ರಮಾಣ) 100ಕ್ಕೆ ತಂದು ಅದನ್ನು ಒತ್ತಡದಿಂದ ಬಿಡಿಸಿ. ಹುಡುಗರ ಫೈಲುಗಳಲ್ಲಿ ನೂರಕ್ಕೆ ತೊಂಬತ್ತು ತೊಂದರೆ ಇಲ್ಲೇ ಇರುತ್ತದೆ ಎಂದು ನನ್ನ ಅನುಭವ. ಹಗುರ ಒತ್ತಿದರೆ ಪಾರದರ್ಶಕ, ಜೋರಾಗಿ ಒತ್ತಿದರೆ ದಟ್ಟ ಎಂಬ ಹೊಂದಾಣಿಕೆ ಇರುವವರೆಗೆ ಏನು ಮಾಡಿದರೂ ಜಲವರ್ಣವೋ ಸ್ಪ್ರೇಯೋ ಆಗುತ್ತದೆ. ಒತ್ತಡಕ್ಕೆ ಸಿಗಬೇಕಾದದ್ದು ನೇಯ್ಗೆಯ ಸ್ಟ್ರೆಂತ್, ಸ್ವಲ್ಪ ಗಾತ್ರ, ಅಷ್ಟೇ.

ಕ್ರಿಟಾದಲ್ಲಿ ಬಣ್ಣವನ್ನು ಎಳೆದು ಬೆರೆಸುವ ಕಲರ್ ಸ್ಮಡ್ಜ್ ಎಂಜಿನ್ ತೆಗೆದುಕೊಳ್ಳಿ. ಸ್ಮಡ್ಜ್ ಲೆಂತ್ 20ರ ಆಸುಪಾಸು, ಕಲರ್ ರೇಟ್ 60ರಿಂದ 70, ಸ್ಪೇಸಿಂಗ್ 3ರಿಂದ 5 ಪ್ರತಿಶತ. ರೊಟೇಷನ್ ಅನ್ನು ಡ್ರಾಯಿಂಗ್ ಆಂಗಲ್‌ಗೆ ಕಟ್ಟಿ, ಆಗ ಕೂದಲಿನ ಗೆರೆ ಕೈ ಹೋದ ದಿಕ್ಕಿಗೇ ತಿರುಗುತ್ತದೆ. ಫೋಟೋಶಾಪ್ ಮಿಕ್ಸರ್ ಬ್ರಷ್ಷಿನಲ್ಲಿ ವೆಟ್ 10ರಿಂದ 20, ಲೋಡ್ 50, ಮಿಕ್ಸ್ 20ರಿಂದ 30, ಫ್ಲೋ 100. ಪ್ರತಿ ಸ್ಟ್ರೋಕ್ ಆದ ಮೇಲೆ ಬ್ರಷ್ ತೊಳೆದು ಮತ್ತೆ ಬಣ್ಣ ತುಂಬುವ ಎರಡೂ ಗುಂಡಿಗಳು ಆನ್ ಇರಲಿ. ಪ್ರೊಕ್ರಿಯೇಟ್‌ನ ವೆಟ್ ಮಿಕ್ಸ್‌ನಲ್ಲಿ ಡೈಲ್ಯೂಷನ್ ಸೊನ್ನೆ, ಪುಲ್ ಕಡಿಮೆ; ಚಾರ್ಜ್ ಅನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋಗಿ, ಗೀಟಿನ ಬಾಲದಲ್ಲಿ ಬಣ್ಣ ಖಾಲಿಯಾಗತೊಡಗಿದಲ್ಲಿ ನಿಲ್ಲಿಸಿ. ಈ ಅಂಕಿಗಳು ಶುರು ಮಾಡುವ ಜಾಗ ಅಷ್ಟೇ. ನಿಮ್ಮ ಪೆನ್ನು, ನಿಮ್ಮ ಕೈಯ ಭಾರಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಬಣ್ಣದಲ್ಲಿ ಸಣ್ಣ ಏರುಪೇರು ಬೇಕು, ಜಿಟರ್ ಎಂಬ ಸೆಟ್ಟಿಂಗ್‌ನಲ್ಲಿ ಹ್ಯೂ (ವರ್ಣ) 1ರಿಂದ 2, ಬ್ರೈಟ್‌ನೆಸ್ 3ರಿಂದ 4 ಪ್ರತಿಶತ. ಸ್ಟ್ರೋಕಿಗೊಮ್ಮೆ ಬದಲಾಗಲಿ, ಸ್ಟ್ರೋಕಿನ ಒಳಗೆ ಬೇಡ. ಒಳಗೆ ಬದಲಾದರೆ ಕಾಮನಬಿಲ್ಲಿನ ಪುಡಿ ಉದುರಿದ ಹಾಗೆ ಕಾಣುತ್ತದೆ.

ಈಗ ಹಂತ 1ರ ನಾಲ್ಕು ಪಟ್ಟಿಗಳನ್ನು ಪರದೆಯ ಮೇಲೆ ಎಳೆದು ಬೋರ್ಡಿನ ಫೋಟೋಗೆ ಹೋಲಿಸಿ. ಬಾಲ ಹರಿಯುತ್ತಿದೆಯೇ? ಅಂಚು ಗಟ್ಟಿಯಿದೆಯೇ? ಹೋಲುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋದರೂ ನಷ್ಟವಿಲ್ಲ.

ಹಂತ 5: ಪ್ಯಾಲೆಟ್ಟಿನ ಮೇಲೆ ಬೆರೆಸಿ, ಚಿತ್ರದ ಮೇಲಲ್ಲ

ಬೇಗ ಒಣಗುವ ಬಣ್ಣ ಇಟ್ಟುಕೊಂಡವರು ಮೊದಲೇ ಬೆರೆಸಿಟ್ಟುಕೊಳ್ಳುತ್ತಾರೆ. ಹಾಳೆಯ ಬದಿಯಲ್ಲಿ ಬೇರೆ ಲೇಯರಿನಲ್ಲಿ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಪದರ) ಒಂದು ಪ್ಯಾಲೆಟ್ (ಬಣ್ಣ ಬೆರೆಸುವ ತಟ್ಟೆ) ಮಾಡಿ, ಬೇಕಾದ ಬಣ್ಣಗಳ ಗುಡ್ಡೆ ಹಾಕಿ, ಅಲ್ಲಿಂದಲೇ ಬಣ್ಣ ಎತ್ತಿಕೊಳ್ಳುವ ಐಡ್ರಾಪರ್‌ನಲ್ಲಿ ತೆಗೆದುಕೊಳ್ಳಿ.

ಎಚ್ಚರ ಬೇಕಾದ ಕಡೆ ಇದು. ಪರದೆಯ ಶುದ್ಧ ನೀಲಿಯನ್ನೂ ಶುದ್ಧ ಹಳದಿಯನ್ನೂ ಸಾಧಾರಣ ಸಾಫ್ಟ್‌ವೇರ್ ಸಮಸಮ ಬೆರೆಸಿದರೆ ಬರುವುದು ಬೂದಿ. ಅಲ್ಲಿ ನಡೆಯುವುದು ಅಂಕಿಗಳ ಸರಾಸರಿ. ನಿಮ್ಮ ಬೋರ್ಡಿನ ಮೂರನೆಯ ಪಟ್ಟಿಯಲ್ಲಿ ಬಂದದ್ದು ಹಸಿರು, ಏಕೆಂದರೆ ನಿಜವಾದ ವರ್ಣದ್ರವ್ಯಗಳು ಬೆಳಕನ್ನು ಹೀರುತ್ತವೆ, ಚದುರಿಸುತ್ತವೆ. ರೆಬೆಲ್ ಎಂಬ ಚಿತ್ರದ ಸಾಫ್ಟ್‌ವೇರಿನ ಪ್ರೊ ಆವೃತ್ತಿಯಲ್ಲಿ ಈ ವರ್ಣದ್ರವ್ಯದ ಲೆಕ್ಕವೇ ಇದೆ, ಅಲ್ಲಿ ಹಸಿರು ಬರುತ್ತದೆ. ಉಳಿದವರು ನಡುವಿನ ಬಣ್ಣವನ್ನು ಕೈಯಾರೆ ಆರಿಸಬೇಕು: ನೀಲಿಗೂ ಹಳದಿಗೂ ಮಧ್ಯೆ ಮೂರು ಹಸಿರು ಗುಡ್ಡೆ ಮಾಡಿಟ್ಟುಕೊಳ್ಳಿ.

ನಾವು ಅಭ್ಯಾಸಕ್ಕೆ ತೆಗೆದುಕೊಳ್ಳುವುದು ಮಾಟುಂಗ ಸ್ಟೇಷನ್ ಹೊರಗಿನ ಹೂವಿನ ಅಂಗಡಿ: ಮಳೆಗೆ ಕಟ್ಟಿದ ನೀಲಿ ಟರ್ಪಾಲು, ಅದರ ಕೆಳಗೆ ಗೊಂಡೆ ಹೂವಿನ ಮಾಲೆ, ಒದ್ದೆ ನೆಲ. ಟರ್ಪಾಲಿಗೆ (0ರಿಂದ 255ರ ಅಳತೆಯಲ್ಲಿ) ಕೆಂಪು 40, ಹಸಿರು 105, ನೀಲಿ 170ರ ಸುತ್ತ. ಅದೇ ಕ್ರಮದಲ್ಲಿ ಗೊಂಡೆಗೆ 226, 120, 30. ಕಡುಗಪ್ಪಿಗೆ 45, 38, 48. ಅತಿ ಬೆಳಕಿಗೆ 240, 234, 220. ಪೂರ್ತಿ ಕಪ್ಪು, ಪೂರ್ತಿ ಬಿಳಿ ಮುಟ್ಟಬೇಡಿ. ಟ್ಯೂಬಿನ ಬಣ್ಣ ಎಂದೂ ಅಷ್ಟು ದೂರ ಹೋಗುವುದಿಲ್ಲ.

ಬೋರ್ಡಿನಿಂದ ಬಣ್ಣ ಎತ್ತಿಕೊಳ್ಳುವವರು ಒಣಗಿದ್ದನ್ನೇ ನೋಡಿ ಎತ್ತಿಕೊಳ್ಳಿ. ಒದ್ದೆಯಿದ್ದಾಗ ಅಕ್ರಿಲಿಕ್‌ನ ಅಂಟು ಹಾಲಿನ ಹಾಗೆ ಬೆಳ್ಳಗಿರುತ್ತದೆ, ಒಣಗಿದಾಗ ತಿಳಿಯಾಗುತ್ತದೆ. ಹಾಗಾಗಿ ಬಣ್ಣ ಒಂದು ಮೆಟ್ಟಿಲು ಗಾಢವಾಗುತ್ತದೆ.

ಹಂತ 6: ದೊಡ್ಡ ಬ್ರಷ್ಷಿನಲ್ಲಿ ಅಡಿಪಾಯ

300 ಪಿಕ್ಸೆಲ್ ಬ್ರಷ್, ಇಪ್ಪತ್ತು ನಿಮಿಷ. ಮೊದಲು ಕಡು ಜಾಗಗಳು, ಆಮೇಲೆ ನಡುವಿನವು. ಬೆಳಕು ಇನ್ನೂ ಬೇಡ. ಹೂವು ಎಂದು ಬರೆಯಬೇಡಿ, ಕಿತ್ತಳೆಯ ಒಂದು ಮುದ್ದೆ ಎಂದು ಬರೆಯಿರಿ. ಸ್ಟ್ರೋಕ್ ಎಣಿಸಬಹುದಾದಷ್ಟು ಕಡಿಮೆ ಇರಲಿ. ತಪ್ಪಿದರೆ ಅನ್‌ಡೂ ಮಾಡದೆ ಮೇಲೆ ಇನ್ನೊಂದು ಸ್ಟ್ರೋಕ್ ಹಾಕಿ. ತಪ್ಪಿದ ಸ್ಟ್ರೋಕಿನ ಅಂಚು ಇಣುಕುವುದೇ ಈ ಮಾಧ್ಯಮದ ಸೊಗಸು.

ಹಂತ 7: ಒಣಗಿಸುವುದು

ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ. ಹೊಸ ಲೇಯರ್ ತೆರೆದರೆ ಅದರ ಕೆಳಗಿರುವುದೆಲ್ಲ ಒಣಗಿದ ಬಣ್ಣ. ಒಂದೇ ಲೇಯರಿನ ಒಳಗೆ ಇರುವುದು ಒದ್ದೆ ಬಣ್ಣ.

ಹತ್ತು ನಿಮಿಷಕ್ಕೆ ಮೊಬೈಲಿನಲ್ಲಿ ಟೈಮರ್ ಇಡಿ. ಆ ಹತ್ತು ನಿಮಿಷ ಆ ಲೇಯರಿನಲ್ಲಿ ಬೆರೆಸಿ, ಎಳೆಯಿರಿ, ಏನು ಬೇಕಾದರೂ ಮಾಡಿ. ಟೈಮರ್ ಹೊಡೆದ ಕೂಡಲೇ ಲೇಯರನ್ನು ಲಾಕ್ ಮಾಡಿ, ಮೇಲೆ ಹೊಸದು ತೆರೆಯಿರಿ. ಇನ್ನು ಹಿಂದಕ್ಕೆ ಹೋಗುವಂತಿಲ್ಲ. ಬ್ರಷ್ ಕೆಳಗಿನ ಲೇಯರಿನಿಂದ ಬಣ್ಣ ಹೀರಬಾರದು. ಅದಕ್ಕೆ ಕ್ರಿಟಾದಲ್ಲಿ 'ಓವರ್‌ಲೇ' ಆಯ್ಕೆ ಆಫ್, ಫೋಟೋಶಾಪ್‌ನಲ್ಲಿ 'ಸ್ಯಾಂಪಲ್ ಆಲ್ ಲೇಯರ್ಸ್' ಆಫ್. ಪ್ರೊಕ್ರಿಯೇಟ್‌ನಲ್ಲಿ ಬ್ರಷ್ ತಾನಿರುವ ಲೇಯರಿನ ಬಣ್ಣದೊಂದಿಗೆ ಮಾತ್ರ ಬೆರೆಯುತ್ತದೆ, ಏನೂ ಮಾಡಬೇಕಿಲ್ಲ.

ಒಂದು ತೊಡಕು ಬರುತ್ತದೆ. ಖಾಲಿ ಲೇಯರಿನಲ್ಲಿ ಸ್ಮಡ್ಜ್ ಬ್ರಷ್ ಬಣ್ಣದ ಜೊತೆ ಪಾರದರ್ಶಕತೆಯನ್ನೂ ಎಳೆದು ತರುತ್ತದೆ, ಸ್ಟ್ರೋಕಿನ ಅಂಚು ಮಂಜುಮಂಜಾಗುತ್ತದೆ. ಕ್ರಿಟಾದಲ್ಲಿ ಸ್ಮಡ್ಜ್ ಲೆಂತ್ ಒಳಗಿರುವ 'ಸ್ಮಿಯರ್ ಆಲ್ಫಾ' ತೆಗೆದುಹಾಕಿ. ಬೇರೆ ಕಡೆ ಬೆರೆಸುವ ಪ್ರಮಾಣ ಇನ್ನಷ್ಟು ಇಳಿಸಿ, ಅಥವಾ ಹೊಸ ಲೇಯರಿನ ಮೊದಲ ಸ್ಟ್ರೋಕ್‌ಗಳನ್ನು ಬೆರೆಯದ ಸಾಧಾರಣ ಬ್ರಷ್ಷಿನಲ್ಲಿ ಹಾಕಿ.

ಟರ್ಪಾಲಿನ ಅಂಚು ಗೊಂಡೆ ಮಾಲೆಯನ್ನು ಮುಟ್ಟುವ ಜಾಗ ತೆಗೆದುಕೊಳ್ಳಿ. ಮೊದಲ ಲೇಯರಿನಲ್ಲಿ ಅಲ್ಲಿ ಕಡುಗಪ್ಪು ಇದೆ. ಎರಡನೆಯದರಲ್ಲಿ ನೀಲಿಯನ್ನು ಮೇಲಿನಿಂದ ಕೆಳಕ್ಕೆ ಎಳೆದು ಅಂಚಿಗೆ ಸ್ವಲ್ಪ ಮೊದಲೇ ನಿಲ್ಲಿಸಿ. ಮೂರನೆಯದರಲ್ಲಿ ಕಿತ್ತಳೆಯನ್ನು ಕೆಳಗಿನಿಂದ ತನ್ನಿ, ಅದೂ ಪೂರ್ತಿ ಮುಟ್ಟದಿರಲಿ. ನಡುವೆ ಕಡುಗಪ್ಪಿನ ಒಂದು ಗೆರೆ ಉಳಿಯುತ್ತದೆ, ಒಂದೆಡೆ ದಾರದಷ್ಟು, ಇನ್ನೊಂದೆಡೆ ಅಕ್ಕಿಕಾಳಿನಷ್ಟು. ಎರಡು ಕಡೆ ಕಿತ್ತಳೆ ನೀಲಿಯ ಮೇಲೆ ಹತ್ತಿದೆ, ಆದರೆ ಕೆಸರಾಗಿಲ್ಲ. ಒದ್ದೆಯಲ್ಲಿ ಕಿತ್ತಳೆಯೂ ನೀಲಿಯೂ ಕೂಡಿದ್ದರೆ ಅಲ್ಲಿ ಮಣ್ಣಿನ ಬಣ್ಣ ಬರುತ್ತಿತ್ತು. ಆ ಗೆರೆಯನ್ನು ಮುಚ್ಚಲು ಕೈ ತುರಿಸುತ್ತದೆ. ಬಿಟ್ಟುಬಿಡಿ, ನೋಡುವವರ ಕಣ್ಣಿಗೆ ಇದು ಬಣ್ಣದಲ್ಲಿ ಬರೆದದ್ದು ಎಂದು ಹೇಳುವುದೇ ಅದು.

ಹಂತ 8: ನುಣುಪು ಬೇಕಾದಾಗ

ಒದ್ದೆ ನೆಲದಲ್ಲಿ ಬೆಳಕು ನಿಧಾನಕ್ಕೆ ಕರಗಬೇಕು ಎನ್ನಿ. ಏರ್‌ಬ್ರಷ್ ಬೇಡ, ಬ್ಲೆಂಡರ್ ಬೇಡ. ಎರಡು ಕೊನೆಯ ಬಣ್ಣಗಳ ನಡುವೆ ಮೂರು ಮಧ್ಯದ ಬಣ್ಣ ಪ್ಯಾಲೆಟ್ಟಿನಲ್ಲಿ ಬೆರೆಸಿ, ಪಟ್ಟಿಗಳಾಗಿ ಪಕ್ಕಪಕ್ಕ ಹಚ್ಚಿ. ಹೊಸ ಲೇಯರ್. ಒಣ ಬ್ರಷ್ಷಿನಲ್ಲಿ ಒಂದು ಪಟ್ಟಿಯ ಬಣ್ಣವನ್ನು ಪಕ್ಕದ ಪಟ್ಟಿಯ ಮೇಲೆ ಹಗುರಾಗಿ ಉಜ್ಜಿ. ಹತ್ತಿರದಿಂದ ಒರಟಾಗಿಯೇ ಕಾಣುತ್ತದೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕೂಡಿಕೊಳ್ಳುತ್ತದೆ.

ಹಂತ 9: ಗ್ಲೇಝ್

ಬಣ್ಣಕ್ಕೆ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ಅಂಟು) ಸೇರಿಸಿ, ಬಣ್ಣದ ಗಾಜಿನ ಹಾಗೆ ತೆಳ್ಳಗೆ ಹಚ್ಚುವುದು ಗ್ಲೇಝ್. ಇದಕ್ಕೆ ಮಾತ್ರ ಒಪಾಸಿಟಿ ಇಳಿಸಬಹುದು: ಮಲ್ಟಿಪ್ಲೈ ಲೇಯರ್, 15ರಿಂದ 25 ಪ್ರತಿಶತ. ಥ್ಯಾಲೋ ನೀಲಿ, ಅಲ್ಟ್ರಾಮರೀನ್‌ನಂಥ ಸಹಜವಾಗಿ ಪಾರದರ್ಶಕವಾದ ಬಣ್ಣಗಳಿಂದ ಮಾಡಿದರೆ ನಂಬುವಂತಿರುತ್ತದೆ. ಕ್ಯಾಡ್ಮಿಯಂ ಕಿತ್ತಳೆ, ಟೈಟೇನಿಯಂ ಬಿಳಿ ಮುಚ್ಚುವ ಬಣ್ಣಗಳು, ಅವುಗಳ ಗ್ಲೇಝ್ ಮಾಡಬೇಡಿ. ಟರ್ಪಾಲಿನ ಕೆಳಗಿನ ನೆರಳಿಗೆ ಒಂದು ನೀಲಿ ಗ್ಲೇಝ್ ಸಾಕು. ಇಡೀ ಚಿತ್ರಕ್ಕೆ ಹಚ್ಚಿದರೆ ಫೋಟೋ ಫಿಲ್ಟರ್ ಆಗುತ್ತದೆ.

ಹಂತ 10: ದಪ್ಪ, ಅದೂ ಅಳೆದು

ದಪ್ಪ ಬರಬೇಕಾದದ್ದು ಅತಿ ಬೆಳಕಿನ ಕಡೆ ಮಾತ್ರ: ಹೂವಿನ ನೆತ್ತಿ, ಟರ್ಪಾಲಿನ ಮಡಿಕೆಯ ಮೇಲಿನ ಹೊಳಪು. ಅವನ್ನು ಬೇರೆ ಲೇಯರಿನಲ್ಲಿ ನೈಫ್‌ನಿಂದ ಹಾಕಿ. ಫೋಟೋಶಾಪ್‌ನಲ್ಲಿ ಅಂಚನ್ನು ಉಬ್ಬಿಸಿ ತೋರಿಸುವ ಬೆವೆಲ್ ಆ್ಯಂಡ್ ಎಂಬಾಸ್, ಗಾತ್ರ 2 ಪಿಕ್ಸೆಲ್. ಕ್ರಿಟಾದಲ್ಲಿ ಕೂದಲಿನ ಏರಿಳಿತ ತೋರಿಸುವ ಆರ್‌ಜಿಬಿಎ ಬ್ರಷ್‌ಗಳಿವೆ. ಪ್ರೊಕ್ರಿಯೇಟ್‌ನವರು ಆ ಲೇಯರಿನ ಪ್ರತಿ ಮಾಡಿ, ಕಡು ಬಣ್ಣ ತುಂಬಿ, ಕೆಳಗಿಟ್ಟು, 2 ಪಿಕ್ಸೆಲ್ ಬಲಕ್ಕೆ ಕೆಳಕ್ಕೆ ಸರಿಸಿದರೆ ಸಾಕು. ಬೆಳಕು ಎಲ್ಲಾ ಕಡೆ ಒಂದೇ ದಿಕ್ಕಿನಿಂದ ಬರಲಿ.

300 ಡಿಪಿಐನಲ್ಲಿ 3 ಪಿಕ್ಸೆಲ್ ಎಂದರೆ ಕಾಲು ಮಿಲಿಮೀಟರ್. ಅದಕ್ಕಿಂತ ಅಗಲದ ನೆರಳು ಬೀಳಿಸಿದರೆ ಸ್ಟ್ರೋಕ್ ರಬ್ಬರ್ ಸ್ಟಿಕ್ಕರಿನ ಹಾಗೆ ಎದ್ದು ಕೂರುತ್ತದೆ. ಅಕ್ರಿಲಿಕ್ ಒಣಗುವಾಗ ನೀರು ಹೋಗಿ ಗಾತ್ರ ತಗ್ಗುತ್ತದೆ, ಏಣುಗಳು ದುಂಡಗಾಗುತ್ತವೆ. ಎಣ್ಣೆಬಣ್ಣದ ಚೂಪು ಏಣು ಇಲ್ಲಿ ಬೇಡ.

ಹಂತ 11: ಅಪಾಯದ ಗುರುತುಗಳು

ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಎಲ್ಲ ಅಂಚುಗಳೂ ಒಂದೇ ಸಮ ಮೃದುವಾಗಿದ್ದರೆ ಹಂತ 7 ತಪ್ಪಿದೆ. ಬಣ್ಣಗಳ ಸಂದಿಯಲ್ಲಿ ಬೂದಿ ಕಂಡರೆ ಹಂತ 5. ಎಲ್ಲ ಸ್ಟ್ರೋಕೂ ಒಂದೇ ಅಚ್ಚಿನಿಂದ ಒತ್ತಿದ ಹಾಗೆ ಪುನರಾವರ್ತನೆಯಾದರೆ ಬ್ರಷ್ಷಿನ ರೊಟೇಷನ್ ಕೈಯ ದಿಕ್ಕಿಗೆ ತಿರುಗುತ್ತಿಲ್ಲ. ಹಂತ 3ರಲ್ಲಿ ಹಚ್ಚಿದ ಕಂದು ಎಲ್ಲೂ ಕಾಣದಿದ್ದರೆ ಅತಿಯಾಗಿ ತಿದ್ದಿದ್ದೀರಿ. ಕಪ್ಪುಬಿಳುಪು ಮಾಡಿದಾಗ ಹೂವೂ ಟರ್ಪಾಲೂ ಒಂದೇ ಬೂದಿಯಾಗಿ ಕೂಡಿಹೋದರೆ ಬ್ರಷ್ಷಿನ ತಪ್ಪಲ್ಲ, ಬೆಳಕುನೆರಳಿನ ತಪ್ಪು. ಹಂತ 6ಕ್ಕೆ ಹಿಂದಿರುಗಿ.

ಹಂತ 12: ಮುದ್ರಿಸಿ ನೋಡುವುದು

ಪರದೆ ಬೆಳಗುತ್ತದೆ, ಬಣ್ಣ ಬೆಳಗುವುದಿಲ್ಲ. ಹಾಗಾಗಿ ಎ4 ಅಳತೆಯಲ್ಲೇ, ಹೊಳಪಿಲ್ಲದ ದಪ್ಪ ಕಾಗದದ ಮೇಲೆ ಒಂದು ಪ್ರಿಂಟ್ ತೆಗೆಸಿ. ಅಂಗಡಿಯವರು 'ಫಿಟ್ ಟು ಪೇಜ್' ಮಾಡದಂತೆ ಹೇಳಿ, ಅಳತೆ ಕುಗ್ಗಿದರೆ ಬ್ರಷ್ಷಿನ ಲೆಕ್ಕವೆಲ್ಲ ಕೆಡುತ್ತದೆ. ಮನೆಗೆ ತಂದು ಕಿಟಕಿಯ ಬಳಿ ಪ್ರಿಂಟನ್ನೂ ಮೊದಲ ದಿನದ ಬೋರ್ಡನ್ನೂ ಪಕ್ಕಪಕ್ಕ ಇಡಿ. ಅರ್ಧ ಇಂಚಿನ ನಿಜವಾದ ಬ್ರಷ್ಷನ್ನು ಪ್ರಿಂಟಿನ ಮೇಲಿನ 150 ಪಿಕ್ಸೆಲ್ ಸ್ಟ್ರೋಕಿನ ಮೇಲೆ ಇಟ್ಟು ನೋಡಿ. ಅಗಲ ಸರಿಯಾಗಿ ಕೂರಬೇಕು, ಕೂದಲಿನ ಗೆರೆಗಳು ನಿಜವಾದ ಕೂದಲಿನಷ್ಟೇ ಸಣ್ಣಗಿರಬೇಕು. ಗೆರೆಗಳು ಪೊರಕೆಕಡ್ಡಿಯಷ್ಟು ದಪ್ಪ ಕಂಡರೆ ಹಂತ 4ಕ್ಕೆ ಹೋಗಿ, ಇನ್ನಷ್ಟು ಸಣ್ಣ ಕೂದಲಿರುವ ಬ್ರಷ್ ತುದಿ ಆರಿಸಿ, ಅದೇ ಹೂವಿನ ಅಂಗಡಿಯನ್ನು ಮತ್ತೊಮ್ಮೆ ಬರೆಯಿರಿ.